ಸ್ತನದ ಗಂಟಿಗೆ ಸೂಜಿ ಬಯಾಪ್ಸಿ: ತುಂಬಾ ನೋವಾಗುತ್ತಾ?

ಗುರುವಾರ ಬಯಾಪ್ಸಿ, ಸೂಜಿ ದಪ್ಪ ಅಂತೆ, ಸಣ್ಣ ಸೂಜಿಯಲ್ಲಿ ಜೀವಕೋಶ ಹೀರಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಸಾಲದಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ಬನಶಂಕರಿಯ ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ನಾನೂ ಫೋನಿನಲ್ಲಿ ಇದನ್ನೇ ಹುಡುಕುತ್ತಾ ಕೂತಿದ್ದೆ.

ಮಲಗಿಸಿ, ಎಡಗೈ ತಲೆ ಮೇಲಕ್ಕೆ ಇಡಿಸಿದರು. ಸ್ಕ್ಯಾನಿಂಗ್‌ನ ತಣ್ಣನೆ ಜೆಲ್. ಮರಗಟ್ಟಿಸುವ ಇಂಜೆಕ್ಷನ್ ಚುರ್ ಅಂತ ಉರಿಯಿತು. ನನಗೆ ನೋವು ಅಂತ ಆಗಿದ್ದು ಅಷ್ಟೇ. ಆಮೇಲೆ ಚರ್ಮವನ್ನು ಅಕ್ಕಿಕಾಳಿನಷ್ಟು ಸೀಳಿ ಸೂಜಿ ಬಿಟ್ಟರು. ಅದು ಸ್ಪ್ರಿಂಗ್ ಇರುವ ಗನ್, ಗ್ಯಾಸ್ ಲೈಟರ್ ಥರ 'ಟಕ್' ಅನ್ನುತ್ತೆ. ಡಾಕ್ಟರು ಮೊದಲೇ ಆ ಸದ್ದು ಕೇಳಿಸಿದ್ದರು, ಆದರೂ ಬೆಚ್ಚಿಬಿದ್ದೆ. ಐದು ಸಲ ಟಕ್. ಶ್ಯಾವಿಗೆ ಚೂರಿನಂಥ ಐದು ತುಣುಕು, ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬಿಗೆ ಬಿದ್ದವು. ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಹಾಕಿ ಕಳಿಸಿದರು. ಹೊಲಿಗೆ ಇಲ್ಲ. ವಾರವಿಡೀ ಆ ಜಾಗ ನೇರಳೆ ಹಣ್ಣಿನ ಬಣ್ಣಕ್ಕಿತ್ತು. (ಎಕೋಸ್ಪ್ರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.)

ನಾನು ಎಡವಿದ್ದು ಆಮೇಲೆ. ನಾಲ್ಕನೇ ದಿನ ವಾಟ್ಸ್ಆಪ್‌ನಲ್ಲಿ ರಿಪೋರ್ಟ್ ಬಂತು. ಕ್ಯಾನ್ಸರ್. ಅದನ್ನು ಪ್ರಿಂಟ್ ಹಾಕಿಸಿ, ಫೈಲಿಗೆ ಸೇರಿಸಿ, ಆಪರೇಷನ್‌ಗೆ ಅಂತ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಕಾಗದ ನೋಡಿ "ಸ್ಲೈಡು, ಬ್ಲಾಕು ಎಲ್ಲಮ್ಮಾ?" ಅಂದರು. ನನಗೆ ಗೊತ್ತಿದ್ದ ಬ್ಲಾಕ್ ಜಯನಗರ ಫೋರ್ತ್ ಬ್ಲಾಕ್ ಒಂದೇ.

ಡಾಕ್ಟರು ಕೇಳಿದ ಬ್ಲಾಕ್ ಅಂದರೆ, ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ ಮಾಡುವ ಪುಟ್ಟ ಇಟ್ಟಿಗೆ. ಅದರಿಂದ 3-4 ಮೈಕ್ರಾನ್ ದಪ್ಪದ ಪದರ ಕೊಯ್ದು, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡುತ್ತಾರೆ, ಅದೇ ಸ್ಲೈಡು. ರಿಪೋರ್ಟ್ ಅಂದರೆ ಹಾಗೆ ನೋಡಿದ ಒಬ್ಬ ಪೆಥಾಲಜಿಸ್ಟ್ ಬರೆದ ಮಾತು. ಈ ಆಸ್ಪತ್ರೆಯವರು ತಾವೇ ನೋಡದೆ ಚಾಕು ಹಿಡಿಯಲ್ಲ ಅಂದರು. ಸರಿಯೇ ಅಲ್ವಾ. ಕ್ಯಾನ್ಸರ್ ಕೋಶದಲ್ಲಿ ಹಾರ್ಮೋನ್ ಗ್ರಾಹಕಗಳು (ಇಆರ್, ಪಿಆರ್), ಹರ್2 ಅನ್ನುವ ಪ್ರೋಟೀನ್ ಎಷ್ಟಿವೆ ಅಂತ ನೋಡುವ ಪರೀಕ್ಷೆಗೂ ಅದೇ ಬ್ಲಾಕ್ ಬೇಕು. ಯಾವ ಔಷಧ ಕೊಡಬೇಕು ಅನ್ನೋದು ಅದರ ಮೇಲೆ ನಿಂತಿದೆ.

ಬಯಾಪ್ಸಿ ಮಾಡಿದ ಸ್ಕ್ಯಾನಿಂಗ್ ಸೆಂಟರಿಗೆ ಓಡಿದೆ. ಅವರು ತುಣುಕನ್ನು ಊರಿನ ಇನ್ನೊಂದು ತುದಿಯ ಲ್ಯಾಬ್‌ಗೆ ಕಳಿಸಿದ್ದರು. ಲ್ಯಾಬ್‌ನವರು ರಸೀದಿ ಕೇಳಿದರು. ರಸೀದಿಯನ್ನು ನಾನು ಅವತ್ತೇ ಕಾಫಿ ಲೋಟದ ಜೊತೆ ಕಸದ ಬುಟ್ಟಿಗೆ ಹಾಕಿದ್ದೆ. ಅರ್ಜಿ, ಆಧಾರ್ ಜೆರಾಕ್ಸ್, ನಡುವೆ ಭಾನುವಾರ, ಮೇಲೆ ಹಬ್ಬದ ರಜೆ. 11 ದಿನ ಹೋಯಿತು. ಕೊನೆಗೆ ಬ್ಲಾಕ್ ಸಿಕ್ಕಾಗ ಅದನ್ನು ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬಿಸಿಲಿಗೆ ಮೇಣ ಕರಗೀತು ಅಂತ ಸೆರಗು ಮುಚ್ಚಿ, ಆಟೋದಲ್ಲಿ ತೊಡೆ ಮೇಲೆ ಹಿಡಿದುಕೊಂಡು ಬಂದೆ.

ಎಫ್‌ಎನ್‌ಎಸಿ ಆಸೆ ಬಿಡಿ. ಅದರಲ್ಲಿ ಸಿಗೋದು ಚದುರಿದ ಜೀವಕೋಶಗಳು. ಕ್ಯಾನ್ಸರ್ ಆಗಿದ್ದರೆ ಅದು ಹಾಲಿನ ನಾಳ ದಾಟಿದೆಯಾ ಅಂತ ಹೇಳೋಕೆ ಇಡೀ ತುಣುಕೇ ಬೇಕು. ಇನ್ನು ನಿಮ್ಮ ಸ್ಕ್ಯಾನಿಂಗ್ ರಿಪೋರ್ಟಿನ ಬೈರಾಡ್ಸ್ 4, ಅಂದರೆ ಗಂಟಿನ ಮೇಲೆ ಎಷ್ಟು ಅನುಮಾನ ಅಂತ ಹೇಳುವ ದರ್ಜೆ. ಅದರಲ್ಲಿ ಕ್ಯಾನ್ಸರ್ ಸಾಧ್ಯತೆ ಶೇ. 2ರಿಂದ 95ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಈಗಲೇ ಅಳ್ತಾ ಕೂರಬೇಡಿ. ಚುಚ್ಚಿದರೆ ಹರಡುತ್ತೆ ಅನ್ನುವ ಪಕ್ಕದ ಮನೆ ಆಂಟಿಗೆ ಕಾಫಿ ಕೊಟ್ಟು ಕಳಿಸಿ.

ಗುರುವಾರ ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೊಂಡು ಹೋಗಿ. ದುಡ್ಡು ಕಟ್ಟುವ ಮೊದಲೇ ತುಣುಕು ಯಾವ ಲ್ಯಾಬ್‌ಗೆ ಹೋಗುತ್ತೆ, ಬ್ಲಾಕ್ ವಾಪಸ್ ಕೊಡೋಕೆ ಏನೇನು ಕೇಳ್ತಾರೆ ಅಂತ ವಿಚಾರಿಸಿ. ರಸೀದಿಯ ಫೋಟೊ ತೆಗೆದು ಮನೆಯವರಿಗೂ ಒಂದು ಕಳಿಸಿಡಿ.