ಒಂಬತ್ತನೇ ಪುಟದವರೆಗೂ ಕಾದಂಬರಿ ಇಲ್ಲ

ನಮಸ್ಕಾರ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ತಿದ್ದಿ ಮತ್ತೆ ಕಳಿಸಲೇಬೇಕೆಂದು ಕೇಳುತ್ತಿದ್ದೇನೆ.

ಹದಿನಾಲ್ಕು ಪುಟಗಳಲ್ಲಿ ಎಂಟು ಪುಟ, ಅಧಿಕಾರ ಮತ್ತು ಶಿಸ್ತಿನ ಬಗ್ಗೆ ಬರೆದ ಫ್ರೆಂಚ್ ಚಿಂತಕ ಫೂಕೊ, ಅಧೀನರ ದನಿಯ ಬಗ್ಗೆ ಬರೆದ ವಿಮರ್ಶಕಿ ಗಾಯತ್ರಿ ಸ್ಪಿವಾಕ್ ಅವರ ಪರಿಚಯಕ್ಕೇ ಹೋಗಿವೆ. ಒಂಬತ್ತನೆಯದರಲ್ಲಿ ಕಾದಂಬರಿ ಬರುವಷ್ಟರಲ್ಲಿ ತೀರ್ಪು ಆಗಿಹೋಗಿದೆ: ಇಂದಿರೆ ದನಿಯಿಲ್ಲದ ಅಧೀನ ಸ್ತ್ರೀ. ಹೌದೇ? ಉಳ್ಳವರ ಮನೆಯ ಮಗಳು, ಎಳೆಯ ವಯಸ್ಸಿಗೇ ವಿಧವೆ. ಹೆತ್ತವರ ಮನೆ ಬಿಟ್ಟು ಸುಧಾರಕ ಅಮೃತರಾಯನ ಆಶ್ರಯಕ್ಕೆ ಬರುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಅವಳಿಗೆ ದನಿ ಇದೆ. ಅದರಲ್ಲಿ ಅವಳದೆಷ್ಟು, ಸುಧಾರಕರದೆಷ್ಟು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಸ್ಪಿವಾಕ್ ನಿಮಗೆ ಒದಗುವುದು ಇಲ್ಲಿ. ಸತಿಯ ಚರ್ಚೆಯಲ್ಲಿ ಬ್ರಿಟಿಷರೂ ಸಂಪ್ರದಾಯಸ್ಥರೂ ವಿಧವೆಯ ಪರವಾಗಿ ತಾವೇ ಮಾತಾಡಿಬಿಟ್ಟದ್ದನ್ನು ಅವರು ‘ಅಧೀನರು ಮಾತಾಡಬಲ್ಲರೇ?’ (Can the Subaltern Speak?) ಎಂಬ 1988ರ ಪ್ರಬಂಧದಲ್ಲಿ ಧರ್ಮಶಾಸ್ತ್ರವನ್ನೂ ವಸಾಹತು ಕಾನೂನನ್ನೂ ಜರಡಿ ಹಿಡಿದು ತೋರಿಸುತ್ತಾರೆ. ಅಧೀನರಿಗೆ ಮಾತಾಡಲಾಗದು ಎಂಬ ಅವರ ತೀರ್ಮಾನವನ್ನು ನೀವು ತಂದಿರಿ, ದುಡಿಮೆಯನ್ನು ಅಲ್ಲೇ ಬಿಟ್ಟಿರಿ.

ಆ ದುಡಿಮೆಗೆ ಸಣ್ಣ ಉದಾಹರಣೆ. ಈ ಮದುವೆ ‘ಕಾನೂನಿನ ನಿಷೇಧವನ್ನು ಮೀರಿತು’ ಎಂದಿದ್ದೀರಿ. ವಿಧವಾ ಮರುವಿವಾಹಕ್ಕೆ 1856ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತ್ತು. ಕಾದಂಬರಿ ಬಂದದ್ದು 1899ರಲ್ಲಿ. ತಡೆಯುತ್ತಿದ್ದದ್ದು ಸರ್ಕಾರವಲ್ಲ, ಜಾತಿ. ಈ ಒಂದು ತಪ್ಪಿನಿಂದ ನಿಮ್ಮ ವಾದದ ದಿಕ್ಕೇ ಬದಲಾಗಿದೆ.

ಯಾವ ಮುದ್ರಣ ಓದಿದಿರೆಂದು ಎಲ್ಲೂ ಹೇಳಿಲ್ಲ. ಮೊದಲ ಮುದ್ರಣ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನದು. ಶೀರ್ಷಿಕೆಯ ಉಳಿದರ್ಧ ‘ಅಥವಾ ಸದ್ಧರ್ಮ ವಿಜಯವು’. ಕ್ರೈಸ್ತ ಮಿಷನ್ನಿನ ಅಚ್ಚುಕೂಟದಿಂದ ಹೊರಬಂದ ಪುಸ್ತಕ ಯಾವ ಧರ್ಮವನ್ನು ‘ಸದ್ಧರ್ಮ’ ಎನ್ನುತ್ತಿದೆ? ಇದೊಂದನ್ನೇ ಹಿಡಿದು ಇಡೀ ಲೇಖನ ಬರೆಯಬಹುದು. ‘ವಿಮರ್ಶಕರ ಪ್ರಕಾರ’ ಎಂಬಲ್ಲೆಲ್ಲ ಯಾರು, ಎಲ್ಲಿ ಎಂದು ಬರೆಯಿರಿ.

ಹನ್ನೆರಡನೇ ಪುಟದಲ್ಲಿ, ಇಂದಿರೆಗೆ ಓದು ಬಿಡುಗಡೆಯೂ ಆಯಿತು, ಹೊಸದೊಂದು ಶಿಸ್ತೂ ಆಯಿತು ಎಂದು ಎರಡು ಪ್ಯಾರಾ ಬರೆದಿದ್ದೀರಿ. ಅವನ್ನು ಓದಿ ಬಹಳ ಖುಷಿಯಾಯಿತು. ಫೂಕೊ ಅಲ್ಲಿ ಹೆಸರಿಲ್ಲದೆಯೂ ಕೆಲಸ ಮಾಡುತ್ತಿದ್ದಾನೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಇಂದಿರೆ ಮಾತಾಡುವ ಪ್ರತಿ ಸಂದರ್ಭವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ: ಎದುರಿಗೆ ಯಾರಿದ್ದಾರೆ, ಮಾತು ಮುಗಿಸಿದ್ದು ಯಾರು. ಎಂಟೇ ಪುಟವಾದರೂ ಸಾಕು, ಕಳಿಸಿ. ಬಂದ ವಾರವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ