ಕೋಟಿ ಫೋಟೊಗಳನ್ನು ಇಡುವುದು ಹೇಗೆ? ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋಟೊ, ಧ್ವನಿ ಮತ್ತು ವಿಡಿಯೊಗಳನ್ನು ಭಾರೀ ಪ್ರಮಾಣದಲ್ಲಿ ಶೇಖರಿಸಿಡುವ ವಿಚಾರವನ್ನೇ ಕೇಳಿವೆ. ಎಲ್ಲಕ್ಕೂ ಇಲ್ಲಿ ಸ್ಥಳವಿಲ್ಲದ ಕಾರಣ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಸುಮಾರು ಒಂದು ಕೋಟಿ ಸಣ್ಣ ಚಿತ್ರಗಳನ್ನು ಒಂದೇ ಸರ್ವರ್‌ನಲ್ಲಿ ಬಿಡಿ ಫೈಲುಗಳಾಗಿ ಇಟ್ಟಿದ್ದೇವೆ. ಹಾರ್ಡ್ ಡಿಸ್ಕ್ ಇನ್ನೂ ಅರ್ಧ ಖಾಲಿ ಇದೆ, ಪ್ರೊಸೆಸರ್‌ಗೆ ಕೆಲಸವೇ ಇಲ್ಲ, ಆದರೂ ಚಿತ್ರಗಳು ತೆರೆದುಕೊಳ್ಳುವುದು ವಿಪರೀತ ನಿಧಾನ. ಇನ್ನೂ ದೊಡ್ಡ ಡಿಸ್ಕ್ ತಂದರೆ ಸರಿಹೋದೀತೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಸರಿಹೋಗುವುದಿಲ್ಲ, ಬಹುಶಃ ಇನ್ನಷ್ಟು ಕೆಡುತ್ತದೆ. ನಿಮ್ಮಲ್ಲಿ ಕೊರತೆಯಾಗಿರುವುದು ಜಾಗವಲ್ಲ, ಡಿಸ್ಕಿನ ಓಡಾಟಕ್ಕೆ ಬೇಕಾದ ಸಮಯ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಓದುವ ತಲೆ ಬೇಕಾದ ಪಥಕ್ಕೆ ಸರಿಯಲು ಸರಾಸರಿ 8 ಮಿಲಿಸೆಕೆಂಡು, ಬೇಕಾದ ಭಾಗ ತಲೆಯ ಕೆಳಗೆ ತಿರುಗಿ ಬರಲು ಸರಾಸರಿ 4 ಮಿಲಿಸೆಕೆಂಡಿಗೆ ತುಸು ಹೆಚ್ಚು ಹಿಡಿಯುತ್ತದೆ. ಅಂದರೆ ಎಲ್ಲೆಂದರಲ್ಲಿ ಚದುರಿರುವ ಸಂಗತಿಗಳನ್ನು ಒಂದು ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 80 ಸಲ ಓದೀತು. ಬಿಡಿ ಫೈಲಿನಲ್ಲಿರುವ ಒಂದು ಚಿತ್ರವನ್ನು ತೆರೆಯಲು ಫೋಲ್ಡರಿನ ಪಟ್ಟಿಯನ್ನು ಒಮ್ಮೆ, ಆ ಫೈಲಿನ ವಿವರಗಳಿರುವ ಐನೋಡನ್ನು ಇನ್ನೊಮ್ಮೆ, ಕೊನೆಗೆ ಚಿತ್ರವನ್ನು ಮತ್ತೊಮ್ಮೆ ಓದಬೇಕು. ಹೀಗೆ ಮೂರು ಓದಿಗೆ ಒಂದು ಚಿತ್ರವೆಂದರೆ ಸೆಕೆಂಡಿಗೆ 27 ಚಿತ್ರಗಳಷ್ಟೇ ಸಿಗುತ್ತವೆ. ಅದೇ ಡಿಸ್ಕ್ ಒಂದು ದೊಡ್ಡ ವಿಡಿಯೊವನ್ನು ಮೊದಲಿಂದ ಕೊನೆಯವರೆಗೆ ಓದುವಾಗ ಸೆಕೆಂಡಿಗೆ 150ರಿಂದ 200 ಎಂಬಿ ಸರಾಗವಾಗಿ ಕೊಡುತ್ತದೆ. ಡಿಸ್ಕ್ ದೊಡ್ಡದಾದರೆ ಅದರೊಳಗೆ ತುಂಬುವ ಚಿತ್ರಗಳು ಹೆಚ್ಚುತ್ತವೆಯೇ ಹೊರತು ಈ 80ರ ಮಿತಿ ಹೆಚ್ಚುವುದಿಲ್ಲ.

ಇದೇ ಕಷ್ಟವನ್ನು ಬಲು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದ್ದು ಫೇಸ್‌ಬುಕ್. ಮೊದಲು ಅವರೂ ನಿಮ್ಮಂತೆಯೇ ಒಂದು ಚಿತ್ರಕ್ಕೆ ಒಂದು ಫೈಲು ಎಂದು ಇಟ್ಟಿದ್ದರು. ಒಂದೊಂದು ಫೋಲ್ಡರಿನಲ್ಲಿ ಸಾವಿರಾರು ಫೈಲುಗಳಿದ್ದಾಗ ಒಂದು ಚಿತ್ರಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಸ್ಕನ್ನು ಮುಟ್ಟಬೇಕಾಗುತ್ತಿತ್ತು. ಫೋಲ್ಡರುಗಳನ್ನು ಚಿಕ್ಕದು ಮಾಡಿದ ಮೇಲೂ ಮೂರಕ್ಕಿಂತ ಕೆಳಗೆ ಇಳಿಯಲಿಲ್ಲ. ಜನರು ಪದೇ ಪದೇ ನೋಡುವ ಹೊಸ ಚಿತ್ರಗಳನ್ನು ಬಳಕೆದಾರರಿಗೆ ಹತ್ತಿರದ ಸಂಗ್ರಹಗಳಲ್ಲಿ ಇಟ್ಟು ಒದಗಿಸಬಹುದು, ಆದರೆ ಯಾರೋ ಒಬ್ಬರು ಎರಡು ವರ್ಷದ ಹಿಂದಿನ ನಾಮಕರಣದ ಫೋಟೊ ತೆರೆದಾಗ ಅದು ಯಾವ ಹತ್ತಿರದ ಸಂಗ್ರಹದಲ್ಲೂ ಇರುವುದಿಲ್ಲ, ಮೂಲ ಡಿಸ್ಕಿಗೇ ಹೋಗಬೇಕು. ಇಂಥ ಬಿಡಿಬಿಡಿ ಕೋರಿಕೆಗಳೇ ಒಟ್ಟುಗೂಡಿ ಹೊರೆಯಾದವು.

ಅದಕ್ಕಾಗಿ ಅವರು ಕಟ್ಟಿದ, 2010ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದ ವ್ಯವಸ್ಥೆಯ ಹೆಸರು ಹೇಸ್ಟ್ಯಾಕ್, ಅಂದರೆ ಹುಲ್ಲಿನ ಬಣವೆ. ಅದರೊಳಗಿನ ಒಂದೊಂದು ಚಿತ್ರಕ್ಕೆ ಅವರಿಟ್ಟ ಹೆಸರು ನೀಡಲ್, ಸೂಜಿ. ಹೆಸರಿನಲ್ಲಿ ತಮಾಷೆ ಇದ್ದರೂ ಉಪಾಯ ನಮ್ಮ ಹಳೆಯ ಅಂಗಡಿಗಳ ಲೆಕ್ಕ ಬರೆಯುವವರಿಗೆ ಹೊಸದಲ್ಲ: ಬಿಡಿ ಚೀಟಿಗಳನ್ನು ಪೆಟ್ಟಿಗೆಯಲ್ಲಿ ತುಂಬುವ ಬದಲು ಒಂದೇ ದಪ್ಪ ಖಾತೆ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋಗುವುದು, ಯಾವುದು ಯಾವ ಪುಟದಲ್ಲಿದೆ ಎಂಬುದನ್ನು ಬಾಯಿಪಾಠ ಇಟ್ಟುಕೊಳ್ಳುವುದು. ಸುಮಾರು 100 ಜಿಬಿಯ ಒಂದೊಂದು ದೊಡ್ಡ ಫೈಲಿನಲ್ಲಿ ಲಕ್ಷಾಂತರ ಚಿತ್ರಗಳನ್ನು ಸಾಲಾಗಿ ಸೇರಿಸಿದರು. ಪ್ರತಿ ಚಿತ್ರ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದನ್ನು ಮಾತ್ರ ರ‍್ಯಾಮ್‌ನಲ್ಲಿ ಇರಿಸಿದರು. ಆಗ ಚಿತ್ರವೊಂದಕ್ಕೆ ಡಿಸ್ಕನ್ನು ಒಮ್ಮೆ ಮುಟ್ಟಿದರೆ ಸಾಕು.

ಎಲ್ಲ ಫೈಲುಗಳ ಐನೋಡುಗಳನ್ನೇ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿರಿ. ಲಿನಕ್ಸಿನಲ್ಲಿ ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಎಕ್ಸ್‌ಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದು ಐನೋಡಿಗೆ 536 ಬೈಟು ಬೇಕೆಂದು ಆ ಪ್ರಬಂಧ ಹೇಳುತ್ತದೆ. ಹೇಸ್ಟ್ಯಾಕ್‌ಗೆ ಚಿತ್ರವೊಂದಕ್ಕೆ ಸರಾಸರಿ 10 ಬೈಟು. ನಿಮ್ಮ ಒಂದು ಕೋಟಿ ಚಿತ್ರಗಳಿಗೆ ಮೊದಲನೆಯದು 5 ಜಿಬಿಗೂ ಹೆಚ್ಚು, ಎರಡನೆಯದು 100 ಎಂಬಿ. ಫೈಲಿನ ಒಡೆಯ ಯಾರು, ಯಾರಿಗೆ ಓದುವ ಅನುಮತಿ ಇದೆ ಎಂಬಂಥ ವಿವರಗಳು ನಿಮ್ಮ ಚಿತ್ರಗಳಿಗೆ ಬೇಕೇ ಇಲ್ಲ, ಆದರೂ ಪ್ರತಿ ಚಿತ್ರದ ಜೊತೆ ಅವನ್ನು ಹೊತ್ತು ತಿರುಗುತ್ತಿದ್ದೀರಿ. ಮೊದಲು ಸಾವಿರ ಚಿತ್ರಗಳನ್ನು ಒಂದೇ ಫೈಲಿಗೆ ಸೇರಿಸಿ, ಆರಂಭದ ಸ್ಥಾನ ಮತ್ತು ಉದ್ದದ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಎರಡೂ ವಿಧಾನಗಳ ವೇಗವನ್ನು ಅಳೆಯಿರಿ. ಪ್ರಾಜೆಕ್ಟ್ ವರದಿಯ ಒಂದು ಒಳ್ಳೆಯ ಅಧ್ಯಾಯ ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ: ನಾವು ಅಳಿಸಿದ ಫೋಟೊ ದೊಡ್ಡ ಕಂಪನಿಗಳ ಸರ್ವರ್‌ಗಳಿಂದ ನಿಜವಾಗಿಯೂ ಅಳಿದು ಹೋಗುತ್ತದೆಯೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು)

ಉತ್ತರ: ತಕ್ಷಣ ಅಲ್ಲ. ಮೇಲೆ ಹೇಳಿದ ಖಾತೆ ಪುಸ್ತಕದ ಉದಾಹರಣೆಯನ್ನೇ ಮುಂದುವರಿಸಿದರೆ, ನಡುವಿನ ಒಂದು ಬರಹವನ್ನು ತೆಗೆದು ಉಳಿದ ಎಲ್ಲವನ್ನೂ ಮೇಲಕ್ಕೆ ಸರಿಸುವುದು ಆಗದ ಮಾತು. ಆದ್ದರಿಂದ ಹೇಸ್ಟ್ಯಾಕ್ ಆ ಚಿತ್ರದ ಮೇಲೆ ‘ಅಳಿಸಲಾಗಿದೆ’ ಎಂಬ ಗುರುತನ್ನಷ್ಟೇ ಹಾಕುತ್ತಿತ್ತು. ಆಮೇಲೆ ಇಡೀ ಫೈಲನ್ನು ಹೊಸದಾಗಿ ನಕಲು ಮಾಡುತ್ತಾ ಗುರುತು ಬಿದ್ದವನ್ನು ಬಿಟ್ಟುಬಿಡುತ್ತಿತ್ತು. ಒಂದು ವರ್ಷದಲ್ಲಿ ಸುಮಾರು ಶೇ 25ರಷ್ಟು ಚಿತ್ರಗಳು ಅಳಿಸಲ್ಪಡುತ್ತವೆ ಎಂದು ಫೇಸ್‌ಬುಕ್‌ನ ಎಂಜಿನಿಯರುಗಳೇ ಬರೆದಿದ್ದರು, ಹಾಗಾಗಿ ಈ ನಕಲಿನ ಖರ್ಚು ವ್ಯರ್ಥವಾಗಿರಲಿಲ್ಲ. ಅದೇ ಕಂಪನಿಯ ಮುಂದಿನ ವ್ಯವಸ್ಥೆಯಾದ ಎಫ್4ರಲ್ಲಿ ಇನ್ನೊಂದು ಜಾಣ್ಮೆ ಇತ್ತು: ಪ್ರತಿಯೊಂದು ಚಿತ್ರವನ್ನೂ ಅದರದೇ ಬೇರೆ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ, ಕೀಲಿಯನ್ನು ಇನ್ನೊಂದು ಕಡೆ ಇಡುತ್ತಿದ್ದರು. ಅಳಿಸಬೇಕಾದಾಗ ಕೀಲಿಯನ್ನು ನಾಶ ಮಾಡಿದರೆ ಚಿತ್ರದ ಬೈಟುಗಳು ಡಿಸ್ಕಿನಲ್ಲಿ ಉಳಿದರೂ ಯಾರಿಗೂ ಓದಲಾಗದ ಕಸವಾಗುತ್ತವೆ. ಆದರೆ ನಿಮ್ಮ ಫೋಟೊವನ್ನು ಬೇರೆಯವರು ತಮ್ಮ ಫೋನಿಗೆ ಇಳಿಸಿಕೊಂಡಿದ್ದರೆ ಅದಕ್ಕೆ ಈ ಜಗತ್ತಿನ ಯಾವ ಸರ್ವರ್‌ನಲ್ಲೂ ಮದ್ದಿಲ್ಲ.

ಪ್ರಶ್ನೆ: ಒಂದು ದತ್ತಾಂಶ ಕಳೆದುಹೋಗಬಾರದೆಂದರೆ ಮೂರು ಪ್ರತಿ ಇಡಬೇಕು ಎಂದು ಓದಿದ್ದೆ. ಈಗ ‘ಇರೇಷರ್ ಕೋಡಿಂಗ್’ ಇದ್ದರೆ ಒಂದೂವರೆ ಪಟ್ಟು ಜಾಗವೂ ಬೇಡ ಎನ್ನುತ್ತಾರೆ. ಪ್ರತಿಯೇ ಇಲ್ಲದೆ ಕಳೆದದ್ದು ಹೇಗೆ ಮರಳಿ ಬರುತ್ತದೆ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಇರೇಷರ್ ಕೋಡಿಂಗ್ ಎಂದರೆ ಪೂರ್ತಿ ಪ್ರತಿಗಳ ಬದಲು, ಕಳೆದದ್ದನ್ನು ಲೆಕ್ಕ ಮಾಡಿ ಮರಳಿ ಪಡೆಯಲು ಸಾಕಾಗುವ ಕೆಲವು ಹೆಚ್ಚುವರಿ ತುಣುಕುಗಳನ್ನು ಇಡುವುದು. ಅದು ಅರ್ಥವಾಗಲು ಶಾಲೆಯ ಬೀಜಗಣಿತ ಸಾಕು. ಮೂರು ಡಿಸ್ಕುಗಳಲ್ಲಿ 12, 30, 7 ಎಂಬ ಮೂರು ಸಂಖ್ಯೆಗಳಿವೆ ಎನ್ನಿ. ನಾಲ್ಕನೆಯ ಡಿಸ್ಕಿನಲ್ಲಿ ಅವುಗಳ ಮೊತ್ತ 49ನ್ನು ಬರೆದಿಡಿ. ಐದನೆಯದರಲ್ಲಿ ಮೊದಲನೆಯದರ ಒಂದು ಪಟ್ಟು, ಎರಡನೆಯದರ ಎರಡು ಪಟ್ಟು, ಮೂರನೆಯದರ ಮೂರು ಪಟ್ಟು ಕೂಡಿಸಿ ಬಂದ 93ನ್ನು ಬರೆದಿಡಿ. ಈಗ 12 ಮತ್ತು 30 ಇದ್ದ ಎರಡೂ ಡಿಸ್ಕುಗಳು ಒಟ್ಟಿಗೆ ಸತ್ತವು. ಉಳಿದ 7ನ್ನು 49ರಿಂದ ಕಳೆದರೆ ಕಳೆದುಹೋದ ಎರಡರ ಮೊತ್ತ 42. ಏಳರ ಮೂರು ಪಟ್ಟನ್ನು 93ರಿಂದ ಕಳೆದರೆ ಮೊದಲನೆಯದು ಮತ್ತು ಎರಡನೆಯದರ ಎರಡು ಪಟ್ಟು ಸೇರಿ 72. ವ್ಯತ್ಯಾಸ 30, ಅದೇ ಎರಡನೆಯ ಸಂಖ್ಯೆ, ಮೊದಲನೆಯದು 12. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಕೊಟ್ಟ ಸಂಕೇತ ಇದೇ ಜಾತಿಯದು. ಸಂಖ್ಯೆಗಳು ಬೆಳೆದು ಬೈಟಿನ ಗಾತ್ರವನ್ನು ಮೀರದಂತೆ ಅದರಲ್ಲಿ ಬೇರೆ ಬಗೆಯ ಸಂಕಲನ, ಗುಣಾಕಾರಗಳನ್ನು ಬಳಸುತ್ತಾರೆ.

ಫೇಸ್‌ಬುಕ್ 2014ರಲ್ಲಿ ವಿವರಿಸಿದ ಎಫ್4 ವ್ಯವಸ್ಥೆಯಲ್ಲಿ ಹತ್ತು ತುಣುಕುಗಳಿಗೆ ನಾಲ್ಕು ಲೆಕ್ಕದ ತುಣುಕುಗಳು ಸೇರುತ್ತಿದ್ದವು. ಹದಿನಾಲ್ಕರಲ್ಲಿ ಯಾವ ನಾಲ್ಕು ಹೋದರೂ ಎಲ್ಲವೂ ಮರಳುತ್ತಿತ್ತು, ತಗಲುತ್ತಿದ್ದ ಜಾಗ 1.4 ಪಟ್ಟು. ಒಂದು ಇಡೀ ಡೇಟಾ ಸೆಂಟರೇ ಹೋದರೂ ತಡೆದುಕೊಳ್ಳಬೇಕೆಂದು ಇದನ್ನು ಬೇರೆ ಊರುಗಳಿಗೆ ಹಂಚಿದಾಗ ಅದು 2.1 ಪಟ್ಟಾಯಿತು. ಹೇಸ್ಟ್ಯಾಕ್‌ನಲ್ಲಿ ಅದೇ ಲೆಕ್ಕ 3.6 ಪಟ್ಟು ಇತ್ತು.

ಹಾಗಾದರೆ ಎಲ್ಲವನ್ನೂ ಹೀಗೇ ಇಡಬಾರದೇಕೆ? ಪ್ರತಿ ಇದ್ದಾಗ ಒಂದು ತುಣುಕು ಕೆಟ್ಟರೆ ಇನ್ನೊಂದನ್ನು ನಕಲು ಮಾಡಿದರೆ ಮುಗಿಯಿತು. ಇಲ್ಲಿ ಒಂದನ್ನು ಸರಿಪಡಿಸಲು ಬೇರೆ ಬೇರೆ ಯಂತ್ರಗಳಿಂದ ಹತ್ತು ತುಣುಕುಗಳನ್ನು ಓದಿ ಲೆಕ್ಕ ಮಾಡಬೇಕು. ಮೂರು ಪ್ರತಿ ಇದ್ದರೆ ಒಂದೇ ಚಿತ್ರಕ್ಕೆ ಮುಗಿಬಿದ್ದವರನ್ನು ಮೂರು ಕಡೆಗೆ ಹಂಚಬಹುದು, ಇಲ್ಲಿ ಆ ಅನುಕೂಲವೂ ಕಡಿಮೆ. ಆದ್ದರಿಂದ ಅವರು ಹೊಸ ಚಿತ್ರಗಳನ್ನು ಹೇಸ್ಟ್ಯಾಕ್‌ನಲ್ಲೇ ಇಟ್ಟು, ಸುಮಾರು ಮೂರು ತಿಂಗಳು ಕಳೆದು ಬಿಸಿ ಆರಿದ ಮೇಲೆ ಎಫ್4ಗೆ ಸಾಗಿಸಿದರು. ಒಂದು ದಿನದೊಳಗಿನ ಚಿತ್ರಕ್ಕೆ ಬರುವ ಕೋರಿಕೆ, ಒಂದು ವರ್ಷ ಹಳೆಯದಕ್ಕೆ ಬರುವ ಕೋರಿಕೆಯ ನೂರು ಪಟ್ಟಿಗೂ ಹೆಚ್ಚು ಎಂಬುದನ್ನು ಅಳೆದು ನೋಡಿದ ಮೇಲೆ ತೆಗೆದುಕೊಂಡ ನಿರ್ಧಾರವಿದು. ಇಂಥ ವ್ಯವಸ್ಥೆ ಕಟ್ಟುವವರು ‘ಎಷ್ಟು ಟಿಬಿ?’ ಎಂದು ಮೊದಲು ಕೇಳುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ‘ಯಾವುದನ್ನು, ಎಷ್ಟು ಹಳೆಯದಾದ ಮೇಲೆ, ಯಾರು ತೆಗೆಯುತ್ತಾರೆ?’ ಎಂಬುದು ಅದಕ್ಕಿಂತ ಮೊದಲು ಬರಬೇಕು.

ಪ್ರಶ್ನೆ: ಮದುವೆ ಫೋಟೊ, ವಿಡಿಯೊ ಮಾಡುವ ನನ್ನ ಸ್ಟುಡಿಯೊದಲ್ಲಿ 16 ಟಿಬಿಯ ಐದು ಡಿಸ್ಕುಗಳನ್ನು ರೇಡ್ 5ರಲ್ಲಿ, ಅಂದರೆ ಎಲ್ಲವೂ ಸೇರಿ ಒಂದೇ ಡಿಸ್ಕಿನಂತೆ ಕೆಲಸ ಮಾಡುವ ಹಾಗೆ, ಜೋಡಿಸಿದ ಪೆಟ್ಟಿಗೆ ಇದೆ. ಒಂದು ಡಿಸ್ಕ್ ಕೆಟ್ಟರೂ ತೊಂದರೆಯಿಲ್ಲ ಎಂದು ಅಂಗಡಿಯವರು ಹೇಳಿದ್ದಾರೆ. ಬೇರೆ ಬ್ಯಾಕಪ್ ಬೇಕೇ?
(ಛಾಯಾಗ್ರಾಹಕರು, ಹಾಸನ)

ಉತ್ತರ: ಬೇಕೇ ಬೇಕು. ನೀವು ಕೈತಪ್ಪಿ ಒಂದು ಮದುವೆಯ ಫೋಲ್ಡರನ್ನು ಅಳಿಸಿದರೆ ರೇಡ್ ಅದನ್ನು ಐದೂ ಡಿಸ್ಕುಗಳಿಂದ ನಿಷ್ಠೆಯಿಂದ ಅಳಿಸುತ್ತದೆ. ಸಿಡಿಲು, ಕಳ್ಳತನ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು, ಇವು ಯಾವುದಕ್ಕೂ ರೇಡ್ ಅಡ್ಡ ಬರುವುದಿಲ್ಲ.

ಅಂಗಡಿಯವರ ಮಾತು ಸುಳ್ಳಲ್ಲ, ಅರ್ಧ ಮಾತು. ಒಂದು ಡಿಸ್ಕ್ ಹೋಗಿ ಹೊಸದನ್ನು ಹಾಕಿದಾಗ ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಬಿಡುವಿಲ್ಲದೆ ತುಂಬಿದರೂ 16 ಟಿಬಿಗೆ 22 ಗಂಟೆ ಬೇಕು, ನಡುವೆ ನೀವು ಎಡಿಟಿಂಗ್ ನಡೆಸಿದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಉಳಿದ ನಾಲ್ಕೂ ಡಿಸ್ಕುಗಳು ಮೊದಲಿಂದ ಕೊನೆಯವರೆಗೆ ಓದಿಸಿಕೊಳ್ಳುತ್ತಿರುತ್ತವೆ. ಅವುಗಳಲ್ಲಿ ಒಂದು ಕೈಕೊಟ್ಟರೆ ಎಲ್ಲವೂ ಹೋದಂತೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ತಂದ ನನ್ನ ಎರಡು ಡಿಸ್ಕುಗಳು ಹತ್ತು ದಿನಗಳ ಅಂತರದಲ್ಲಿ ಕಣ್ಣು ಮುಚ್ಚಿದ್ದುಂಟು. ಇಷ್ಟು ದೊಡ್ಡ ಡಿಸ್ಕುಗಳಿಗೆ ಎರಡು ಕೆಟ್ಟರೂ ತಡೆಯುವ ರೇಡ್ 6 ಮೇಲು. ಅದಲ್ಲದೆ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಮತ್ತೊಂದು ಸ್ಟುಡಿಯೊದ ಹೊರಗೆ, ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ. ಆಲ್ಬಮ್ ಕೊಟ್ಟು ಎಷ್ಟು ತಿಂಗಳವರೆಗೆ ಮೂಲ ಫೈಲುಗಳನ್ನು ಇಡುತ್ತೀರಿ ಎಂಬುದನ್ನು ಬಿಲ್ಲಿನಲ್ಲೇ ಬರೆದುಬಿಡಿ. ನಿಮ್ಮ ಡಿಸ್ಕಿನ ಖರ್ಚಿನ ಅರ್ಧ ಅಲ್ಲಿಯೇ ಇಳಿದೀತು.

ಪ್ರಶ್ನೆ: ನಮ್ಮ ತಂದೆಯವರು ಧ್ವನಿಮುದ್ರಿಸಿಕೊಂಡ ಯಕ್ಷಗಾನ, ತಾಳಮದ್ದಳೆಗಳ 90 ನಿಮಿಷದ ಸುಮಾರು 300 ಕ್ಯಾಸೆಟ್‌ಗಳಿವೆ. ಡಿಜಿಟಲ್ ಮಾಡಿ ಉಳಿಸಬೇಕೆಂದಿದೆ, ಆದರೆ ಅಷ್ಟನ್ನು ಇಡಲು ಎಂಥ ಸರ್ವರ್ ಬೇಕಾದೀತೆಂಬ ಅಂಜಿಕೆ.
(ಶಾಲಾ ಶಿಕ್ಷಕರು, ಹೊನ್ನಾವರ)

ಉತ್ತರ: ಸರ್ವರ್ ಬೇಡ. ಮುನ್ನೂರು ಕ್ಯಾಸೆಟ್ ಎಂದರೆ 450 ಗಂಟೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಕನಿಷ್ಠವೆಂದು ಹೇಳುವ 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಸ್ಟೀರಿಯೊ ಮುದ್ರಿಸಿದರೆ ಗಂಟೆಗೆ ಸುಮಾರು 1 ಜಿಬಿ. ಅದರ ಇಮ್ಮಡಿಯಾದ 96 ಕಿಲೊಹರ್ಟ್ಸ್‌ನಲ್ಲಿ 2 ಜಿಬಿ. ಹೆಚ್ಚಿನದನ್ನೇ ಆರಿಸಿಕೊಂಡರೂ ನಿಮ್ಮ ತಂದೆಯವರ ಇಡೀ ಜೀವಮಾನದ ಸಂಗ್ರಹ 1 ಟಿಬಿಯೊಳಗೆ, ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಡಿಸ್ಕಿನಲ್ಲಿ ಕುಳಿತುಕೊಳ್ಳುತ್ತದೆ. ಹಾಗೆ ಮೂರು ಡಿಸ್ಕು ಮಾಡಿ, ಒಂದನ್ನು ಬೇರೆ ಊರಿನ ನೆಂಟರಲ್ಲಿ ಇರಿಸಿ. ದತ್ತಾಂಶವನ್ನು ಕಾಂತೀಯ ಟೇಪಿನಲ್ಲಿ ಬರೆದಿಡುವ, ಲಕ್ಷಗಟ್ಟಲೆ ಬೆಲೆಯ ಎಲ್‌ಟಿಒ ಟೇಪ್ ಡ್ರೈವ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ. ಅದು ನೂರಾರು ಟಿಬಿ ಇರುವ ಸಂಸ್ಥೆಗಳಿಗೆ ಸಲ್ಲುವಂಥದು, ಮೇಲಾಗಿ ಹೊಸ ಪೀಳಿಗೆಯ ಡ್ರೈವುಗಳು ತೀರ ಹಳೆಯ ಟೇಪುಗಳನ್ನು ಓದುವುದಿಲ್ಲ.

ನಿಮಗೆ ಕಷ್ಟವಾಗುವುದು ಬೇರೆ ಎರಡು. ಕ್ಯಾಸೆಟ್ಟನ್ನು ನಿಜವೇಗದಲ್ಲಿಯೇ ನುಡಿಸಬೇಕು, ದಿನಕ್ಕೆ ಮೂರು ಗಂಟೆಯಂತೆ 150 ದಿನ ಹಿಡಿಯುತ್ತದೆ. ಪ್ರತಿ ಸಲ ಟೇಪ್ ರೆಕಾರ್ಡರಿನ ಹೆಡ್ ಒರೆಸಿ, ಭಾಗವತರ ದನಿ ಮಂಕಾಗಿ ಕೇಳಿದರೆ ಹೆಡ್ಡಿನ ಓರೆಯನ್ನು ಬಲ್ಲವರಿಂದ ಸರಿಪಡಿಸಿಕೊಂಡು ಮುಂದುವರಿಯಿರಿ. ಎಂಪಿ3ಯನ್ನು ಹಂಚಲು ಮಾತ್ರ ಬಳಸಿ. ಮೂಲ ಪ್ರತಿ ವೇವ್ ಅಥವಾ ನಷ್ಟವಿಲ್ಲದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿರಲಿ, ಪ್ರತಿಯೊಂದರ ಚೆಕ್‌ಸಮ್ (ಫೈಲು ಕೆಟ್ಟಿದೆಯೇ ಎಂದು ತಿಳಿಯಲು ಅದರಿಂದಲೇ ಲೆಕ್ಕ ಮಾಡುವ ಗುರುತಿನ ಸಂಖ್ಯೆ) ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ.

ಎರಡನೆಯದು ವಿವರಗಳ ಪಟ್ಟಿ. ಪ್ರಸಂಗ ಯಾವುದು, ಭಾಗವತರು ಯಾರು, ಮದ್ದಳೆ ಮತ್ತು ಚೆಂಡೆಗೆ ಯಾರಿದ್ದರು, ಅರ್ಥಧಾರಿಗಳು ಯಾರು, ಯಾವ ಊರಿನ ಆಟ, ಯಾವ ವರ್ಷ ಎಂಬುದು ಕ್ಯಾಸೆಟ್ಟಿನ ಚೀಟಿಯ ಮೇಲೆ ಇದ್ದರೆ ಅದರ ಫೋಟೊ ತೆಗೆದು ಧ್ವನಿಯ ಜೊತೆಗೇ ಇಡಿ. ಚೀಟಿಯೇ ಇಲ್ಲದ ಕ್ಯಾಸೆಟ್‌ಗಳಿಂದ ಕೆಲಸ ಆರಂಭಿಸಿ, ಮುದ್ರಿಸಿದ ಮೊದಲ ಐದು ನಿಮಿಷವನ್ನು ನಿಮ್ಮ ಸೀಮೆಯ ಹಿರಿಯ ಪ್ರೇಕ್ಷಕರಿಗೆ ಕೇಳಿಸಿ; ದನಿ ಕೇಳಿಯೇ ಹೆಸರು ಹೇಳಬಲ್ಲವರು ಇನ್ನೂ ಇದ್ದಾರೆ.