ಪ್ರ: 17ನೇ ಶತಮಾನದಲ್ಲಿ ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ ಪೇಟೆ, ಶಾಲೆ ಯಾಕೆ ಕಮ್ಮಿ ಇದ್ದವು?
ವರ್ಜೀನಿಯಾ, ಮ್ಯಾಸಚೂಸೆಟ್ಸ್ ಎರಡೂ ವಸಾಹತುಗಳಿಗೆ ಬಂದು ನೆಲೆಸಿದವರು ಇಂಗ್ಲೆಂಡಿನವರೇ, ಆದರೂ ಮ್ಯಾಸಚೂಸೆಟ್ಸ್‌ನಲ್ಲಿ ಊರು, ಶಾಲೆ, ವರ್ಜೀನಿಯಾದಲ್ಲಿ ಬರೀ ತೋಟ ಯಾಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮುಖ್ಯ ಕಾರಣ ಹೊಗೆಸೊಪ್ಪು. ಅದು ಕೆಲವೇ ವರ್ಷಗಳಲ್ಲಿ ಮಣ್ಣಿನ ಸಾರ ಹೀರಿಬಿಡುತ್ತದೆ, ಹೊಸ ಜಮೀನು ಬೇಕೇ ಬೇಕು. ಹಾಗಾಗಿ ಮನೆಗಳು ದೂರದೂರವಾದವು, ಮಕ್ಕಳನ್ನು ಒಂದೆಡೆ ಸೇರಿಸಿ ಶಾಲೆ ನಡೆಸೋದು ಕಷ್ಟವಾಯಿತು. ನದಿಗಳೂ ಅಗಲ, ಆಳ. ಲಂಡನ್ ಹಡಗು ದೊಡ್ಡ ಜಮೀನುದಾರನ ಸ್ವಂತ ಹಡಗುಕಟ್ಟೆಗೇ ಬಂದು, ಬಟ್ಟೆಬರೆ ಇಳಿಸಿ, ಹೊಗೆಸೊಪ್ಪಿನ ಪೀಪಾಯಿ ಹೇರಿಕೊಂಡು ಹೋಗುತ್ತಿತ್ತು. ಮತ್ತೆ ಪೇಟೆ ಯಾಕೆ ಬೇಕು, ಅಲ್ವಾ? (ತೋಟಗಳಲ್ಲಿ ದುಡಿದವರು ಮೊದಲು ಕೆಲವು ವರ್ಷ ದುಡಿಯುವ ಕರಾರಿನ ಮೇಲೆ ಬಂದ ಆಳುಗಳು, ಆಮೇಲೆ ಜಾಸ್ತಿ ಆಫ್ರಿಕಾದ ಗುಲಾಮರು.)

ಅತ್ತ ಮ್ಯಾಸಚೂಸೆಟ್ಸ್‌ಗೆ ಪ್ಯೂರಿಟನ್ನರು (ಇಂಗ್ಲೆಂಡಿನ ಚರ್ಚು ಇನ್ನೂ ಶುದ್ಧವಾಗಬೇಕು ಅಂತಿದ್ದ ಕಟ್ಟಾ ಕ್ರೈಸ್ತರು) ಸಂಸಾರ ಸಮೇತ ಬಂದರು. ಎಲ್ಲರೂ ಬೈಬಲ್ ಓದಬೇಕು ಅನ್ನೋ ಹಟ ಅವರದು. ಅಲ್ಲಿನ 1647ರ ಕಾನೂನಿನಂತೆ 50 ಮನೆಯ ಊರು ಮೇಷ್ಟ್ರನ್ನು ಇಡಲೇಬೇಕಿತ್ತು. ವರ್ಜೀನಿಯಾದ ಗವರ್ನರ್ ಬರ್ಕ್ಲಿ ಅಂತೂ, ಇಲ್ಲಿ ಉಚಿತ ಶಾಲೆ, ಅಚ್ಚುಕೂಟ ಎರಡೂ ಇಲ್ಲವಲ್ಲ ಅಂತ 1671ರಲ್ಲಿ ದೇವರಿಗೆ ಕೈಮುಗಿದಿದ್ದ!